ಅಟ್ಟದ ಕಾಯಿ, ಪೀಪಾಯಿಯ ಘಮ

ಅರಳಗುಪ್ಪೆಯಲ್ಲಿರುವ ಗೆಳೆಯರೊಬ್ಬರ ಮನೆಗೆ ಕಳೆದ ಬೇಸಗೆಯಲ್ಲಿ ಹೋಗಿದ್ದೆ. ಕಲ್ಲೇಶ್ವರ ಮತ್ತು ಚೆನ್ನಕೇಶವ ಗುಡಿಗಳಿಂದಾಗಿ ಶಿಲ್ಪಕಲೆಯ ವಿದ್ಯಾರ್ಥಿಗಳಿಗೆ ಈ ಊರು ಗೊತ್ತು. ಊರಿನವರಿಗೆ ಮಾತ್ರ ಇದು ಮೊದಲು ತೆಂಗಿನ ಊರು, ಆಮೇಲೆ ಗುಡಿಯ ಊರು. ಗೆಳೆಯರ ಮಗ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಬಂದವನು ತನ್ನ ಪುಸ್ತಕಗಳ ನಡುವೆ ಬಣ್ಣದ ಮಡಿಕೆ ಕಾಗದವೊಂದನ್ನು ಇಟ್ಟುಕೊಂಡು ಬಂದಿದ್ದ. ಅದು ಸ್ಕಾಚ್ ವಿಸ್ಕಿಗೇ ಮೀಸಲಾದ ಅಂಗಡಿಯೊಂದರ ಪ್ರಕಟಣೆ. ಮುಂದಿನ ಎರಡು ತಿಂಗಳಲ್ಲಿ ಯಾವ ಯಾವ ಸಂಜೆ ರುಚಿ ನೋಡುವ ಕೂಟಗಳಿವೆ, ಹೊಸದಾಗಿ ಯಾವ ಬಾಟಲಿಗಳು ಬಂದಿವೆ ಎಂಬ ವಿವರ ಅದರಲ್ಲಿತ್ತು. ಪ್ರತಿ ಬಾಟಲಿಯ ಮುಂದೆ ನಾಲ್ಕೈದು ಸಾಲಿನ ವರ್ಣನೆ.

"ನೀವು ಕುಡಿಯಲ್ಲ ಅಂತ ಗೊತ್ತು ಮೇಷ್ಟ್ರೆ. ಬರೆದಿರೋ ಭಾಷೆ ಹೆಂಗೈತೆ, ಅಷ್ಟು ನೋಡಿ ಸಾಕು" ಎಂದು ಅವನು ಅದನ್ನು ನನ್ನ ಕೈಗಿತ್ತ.

ಜಗುಲಿಯ ಮೇಲೆ ಕೂತು ಓದಿದೆ. ಒಂದರಲ್ಲಿ ಜೇನು ಮತ್ತು ಒಣದ್ರಾಕ್ಷಿ, ಇನ್ನೊಂದರಲ್ಲಿ ಕಡಲ ಉಪ್ಪು ಮತ್ತು ಹೊಗೆ, ಮತ್ತೊಂದರಲ್ಲಿ ಹಳೆಯ ಚರ್ಮ. ಮೂರು ಬಾಟಲಿಗಳ ವರ್ಣನೆಯಲ್ಲಿ ತೆಂಗಿನಕಾಯಿ ಇತ್ತು. ಅದನ್ನು ಗಟ್ಟಿಯಾಗಿ ಓದಿ ಹೇಳಿದಾಗ ಗೆಳೆಯರ ವೃದ್ಧ ತಾಯಿ ಕೇಳಿದರು: "ಅದ್ಹೆಂಗಪ್ಪ, ಆ ಚಳಿ ದೇಸದಾಗೆ ತೆಂಗು ಬೆಳೀತಾರಾ?"

ಈ ಬರಹ ಆ ಕಾಗದದ ವಿಮರ್ಶೆ, ಅದರೊಳಗಿನ ಮದ್ಯದ್ದಲ್ಲ. ಮದ್ಯ ನನಗೆ ನಿಷಿದ್ಧ, ರುಚಿ ನೋಡಿ ಹೇಳುವ ಅರ್ಹತೆ ನನಗಿಲ್ಲ. ಆದರೆ ಮಾತುಗಳು ಎಲ್ಲರಿಗೂ ಸೇರಿದವು. ಕುಡಿಯದವರು ಕುಡಿತದ ಬಗ್ಗೆ ಬರೆದ ಪರಂಪರೆಯೂ ಸಣ್ಣದಲ್ಲ. ಮಧುಪಾನದ ಗಝಲ್‌ಗಳಿಗಾಗಿಯೇ ಉರ್ದುವಿನಲ್ಲಿ ಹೆಸರಾದ ರಿಯಾಝ್ ಖೈರಾಬಾದಿ ಮದ್ಯ ಮುಟ್ಟಿದವರಲ್ಲ ಎನ್ನುತ್ತಾರೆ. ಕನ್ನಡದಲ್ಲಿ 'ರತ್ನನ ಪದಗಳು' ಬರೆದ ಜಿ.ಪಿ. ರಾಜರತ್ನಂ ಕೂಡ ಕುಡಿಯುವವರಾಗಿರಲಿಲ್ಲ.

ಮೊದಲು ಅಜ್ಜಿಯ ಪ್ರಶ್ನೆಗೆ ಉತ್ತರ. ಸ್ಕಾಟ್ಲೆಂಡಿನಲ್ಲಿ ತೆಂಗಿಲ್ಲ. ಅಲ್ಲಿನ ಕಾನೂನಿನಂತೆ, ಭಟ್ಟಿ ಇಳಿಸಿದ ದ್ರವವನ್ನು ಆ ದೇಶದೊಳಗೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟ ಮೇಲೆ ಮಾತ್ರ ಅದಕ್ಕೆ ಸ್ಕಾಚ್ ಎಂಬ ಹೆಸರು. ಪೀಪಾಯಿ 700 ಲೀಟರಿಗಿಂತ ದೊಡ್ಡದಿರಬಾರದು. ಈ ಪೀಪಾಯಿಗಳಲ್ಲಿ ಬಹುಪಾಲು ಅಮೆರಿಕದಿಂದ ಬರುತ್ತವೆ. ಅಲ್ಲಿ ಬೂರ್ಬನ್ ತಯಾರಿಸಲು ಒಳಗೆ ಸುಟ್ಟ ಹೊಸ ಪೀಪಾಯಿಯನ್ನೇ ಬಳಸಬೇಕೆಂಬ ನಿಯಮವಿದೆ. ಆದ್ದರಿಂದ ಒಮ್ಮೆ ಬಳಸಿದ ಪೀಪಾಯಿಗಳು ಕಡಲು ದಾಟಿ ಸ್ಕಾಟ್ಲೆಂಡಿಗೆ ಹೋಗುತ್ತವೆ. ಅಮೆರಿಕದ ಬಿಳಿ ಓಕ್ ಮರದಲ್ಲಿ ಲ್ಯಾಕ್ಟೋನ್ ಎಂಬ ಜಾತಿಯ ರಾಸಾಯನಿಕ ಹೆಚ್ಚಾಗಿದೆ. ಅದರ ವಾಸನೆ ತೆಂಗಿನಕಾಯಿಯದೇ. ವರ್ಷಗಟ್ಟಲೆ ಮರದೊಳಗೆ ಕೂತ ದ್ರವ ಆ ಘಮವನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಆ ಕಾಗದ ಸುಳ್ಳು ಬರೆದಿರಲಿಲ್ಲ.

ಇದನ್ನು ಹೇಳಿದಾಗ ಅಜ್ಜಿ ತಲೆ ಎತ್ತಿ ಅಟ್ಟದ ಕಡೆ ನೋಡಿದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಎಂಟು ತಿಂಗಳಿಂದ ವರ್ಷದವರೆಗೆ ಇಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಕರಟದಿಂದ ಬಿಡುತ್ತದೆ. ಕಾಯಿ ಅಲ್ಲಾಡಿಸಿದರೆ ಒಳಗೆ ಉಂಡೆ ಉರುಳುವ ಸದ್ದು ಬರುತ್ತದೆ. ಆಗ ಸಿಪ್ಪೆ ಸುಲಿದು, ಕರಟ ಒಡೆದು, ಇಡೀ ಉಂಡೆ ಕೊಬ್ಬರಿ ತೆಗೆಯುತ್ತಾರೆ. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಆವಿಯಾಗುವುದನ್ನು ಅಲ್ಲಿನವರು ದೇವದೂತರ ಪಾಲು ಎಂದು ಕರೆಯುತ್ತಾರೆ. ನಮ್ಮ ಅಟ್ಟದಿಂದ ಆರಿಹೋಗುವ ನೀರಿಗೆ ಯಾರೂ ಹೆಸರಿಟ್ಟಿಲ್ಲ. ಎರಡೂ ಕಡೆ ಕೆಲಸ ಮಾಡುವುದು ಕಾಲ ಮತ್ತು ಕಾಯುವ ಮನುಷ್ಯ. ಒಂದಕ್ಕೆ ನಾಲ್ಕು ಸಾಲಿನ ವರ್ಣನೆ ಇದೆ. ಇನ್ನೊಂದಕ್ಕೆ ಕ್ವಿಂಟಲ್‌ನ ದರ ಮಾತ್ರ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ.

ಆ ಕಾಗದದಲ್ಲಿ ಮೆಚ್ಚಬೇಕಾದದ್ದೂ ಇದೆ. ಅದು ಅವಸರವನ್ನು ಕಲಿಸುವುದಿಲ್ಲ. ರುಚಿ ನೋಡುವ ಕೂಟದಲ್ಲಿ ಸುರಿಯುವುದು ಸ್ವಲ್ಪವೇ. ಮೊದಲು ಬಣ್ಣ ನೋಡಬೇಕು, ಆಮೇಲೆ ಮೂಸಬೇಕು, ನಾಲ್ಕು ಹನಿ ನೀರು ಬೆರೆಸಬೇಕು, ಕೊನೆಗೆ ಒಂದು ಗುಟುಕು. ಬೇಡವೆನಿಸಿದರೆ ಉಗುಳಲೂಬಹುದು. ಯಾವ ಊರಿನ ಭಟ್ಟಿ, ಎಷ್ಟು ವರ್ಷ, ಯಾವ ಪೀಪಾಯಿ ಎಂಬುದನ್ನು ಅದು ಮರೆಯದೆ ಹೇಳುತ್ತದೆ. ಒಂದು ಊರಿನ ನೀರು, ಗಾಳಿ, ಹೊಗೆಗಳಿಗೆ ಇಷ್ಟು ಗಮನ ಕೊಡುವ ಬರಹವನ್ನು ನಮ್ಮ ಬೆಳೆಗಳ ಬಗ್ಗೆ ನಾವು ಬರೆದಿಲ್ಲ ಎಂಬ ನಾಚಿಕೆ ನನಗಾಯಿತು.

ಆದರೆ ಎರಡನೆಯ ಸಲ ಓದಿದಾಗ ಒಂದು ಕೊರತೆ ಕಾಣಿಸಿತು. ಅಷ್ಟೂ ವರ್ಣನೆಗಳಲ್ಲಿ ಒಬ್ಬ ಮನುಷ್ಯನಿಲ್ಲ. ಮೂಗಿದೆ, ನಾಲಿಗೆಯಿದೆ, ಗಂಟಲಿದೆ. ಕುಡಿದು ಮನೆಗೆ ಹೋಗುವವನಿಲ್ಲ, ಮನೆಯಲ್ಲಿ ಕಾಯುವವಳಿಲ್ಲ, ಮರುದಿನ ಬೆಳಗಿಲ್ಲ. ಮದ್ಯವೆಂದರೆ ಬಾಟಲಿಯಲ್ಲಿ ಶುರುವಾಗಿ ಲೋಟದಲ್ಲಿ ಮುಗಿಯುವ ಸಂಗತಿ ಎಂಬಂತೆ ಈ ಭಾಷೆ ನಡೆದುಕೊಳ್ಳುತ್ತದೆ.

ರಾಜರತ್ನಂ ಅವರ ರತ್ನನನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅವನು ಕುಡಿಯುವುದು ಹೆಂಡ. ಅದರ ಘಮದ ಬಗ್ಗೆ ಅವನು ಪಟ್ಟಿ ಕೊಡುವುದಿಲ್ಲ. ಅವನ ಪದಗಳಲ್ಲಿರುವುದು ಹೆಂಡತಿ ಪುಟ್ನಂಜಿ, ಬಡತನ, ಕನ್ನಡದ ಮೇಲಿನ ಹಟ, ದೇವರೊಂದಿಗಿನ ಜಗಳ. ಓದುಬರಹದವರು ಹಳ್ಳಿಯ ನಾಲಿಗೆಯನ್ನು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ, ಕುಡುಕನ ಅದೇ ನಾಲಿಗೆಯಲ್ಲಿ ಕವಿ ಅವನನ್ನು ಪೂರ್ಣ ಮನುಷ್ಯನನ್ನಾಗಿ ನಿಲ್ಲಿಸಿದರು. ಅವನ ಕುಡಿತವನ್ನು ಹೊಗಳಲಿಲ್ಲ, ಅವನನ್ನು ತೆಗಳಲೂ ಇಲ್ಲ. ಕನ್ನಡದಲ್ಲಿ ಕುಡಿತದ ಬಗ್ಗೆ ಬರೆಯಲು ಹೊರಡುವ ಯಾರಿಗೂ ಇದು ಅಳತೆಗೋಲು. ಆ ಅಂಗಡಿಯ ಕಾಗದ ಈ ಅಳತೆಗೆ ನಿಲ್ಲುವುದಿಲ್ಲ.

ಮನುಷ್ಯರನ್ನು ಬಿಟ್ಟ ಭಾಷೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಆ ಲೋಕದಿಂದಲೇ ಸಾಕ್ಷಿ ಇದೆ. ಜಿಮ್ ಮರ್ರೆ ಎಂಬ ಆಂಗ್ಲ ಲೇಖಕರು ಪ್ರಕಟಿಸುತ್ತಾ ಬಂದ 'ವಿಸ್ಕಿ ಬೈಬಲ್' ಎಂಬ ಕೈಪಿಡಿಗೆ ವ್ಯಾಪಾರದಲ್ಲಿ ದೊಡ್ಡ ಬೆಲೆಯಿತ್ತು. ಅದರಲ್ಲಿ ಮದ್ಯವನ್ನು ಹೆಣ್ಣಿನ ದೇಹಕ್ಕೆ, ಕಾಮಕ್ಕೆ ಹೋಲಿಸಿದ ವಾಕ್ಯಗಳು ಹಲವಿದ್ದವು. 2020ರ ಸೆಪ್ಟೆಂಬರಿನಲ್ಲಿ ಬೆಕಿ ಪಾಸ್ಕಿನ್ ಎಂಬ ಪತ್ರಕರ್ತೆ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಬ್ರಿಟನ್ನಿನ ಹೆಸರಾಂತ ವಿಸ್ಕಿ ಮಾರಾಟ ಸಂಸ್ಥೆಯಾದ ವಿಸ್ಕಿ ಎಕ್ಸ್‌ಚೇಂಜ್ ಆ ಪುಸ್ತಕವನ್ನು ಮಾರುವುದಿಲ್ಲವೆಂದಿತು. ಮರ್ರೆ ಆರೋಪವನ್ನು ಒಪ್ಪಲಿಲ್ಲ. ರುಚಿಯ ಬರವಣಿಗೆಯಲ್ಲಿ ಹೆಣ್ಣು ಬಂದಾಗಲೂ ಉಪಮೆಯಾಗಿ ಬಂದಳೇ ಹೊರತು ಮಾತಾಡುವವಳಾಗಿ ಬರಲಿಲ್ಲ. ನಮ್ಮ ಕಡೆ ಮದ್ಯದ ಬಗ್ಗೆ ಹೆಣ್ಣುಮಕ್ಕಳು ಮಾತಾಡಿದ್ದು ಬೇರೆ ಬಗೆಯಲ್ಲಿ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಕರ್ನಾಟಕದ ಹಳ್ಳಿಗಳಲ್ಲೂ ಅಂಥ ಕೂಗು ಎದ್ದಿತು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು.

ಸಾರಾಯಿ ನಿಂತದ್ದು ಸರಿಯೇ. ಆದರೆ ಕುಡಿತ ನಿಂತಿತೇ? 2025-26ರ ಆಯವ್ಯಯದಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಬಡವನ ಪೊಟ್ಟಣ ಹೋಗಿ ಬಡವನ ಬಾಟಲಿ ಬಂತು ಅಷ್ಟೆ. ಇತ್ತ 2024ರಲ್ಲಿ ಸರ್ಕಾರ ಮದ್ಯದ ಸುಂಕದ ಹಂತಗಳನ್ನು 18ರಿಂದ 16ಕ್ಕೆ ಇಳಿಸಿ ದುಬಾರಿ ಬ್ರಾಂಡಿ, ವಿಸ್ಕಿಗಳ ಬೆಲೆ ತಗ್ಗಿಸಿತು. ನೆರೆ ರಾಜ್ಯಗಳ ಬೆಲೆಗೆ ಸರಿದೂಗಿಸಲು ಎಂಬುದು ಕೊಟ್ಟ ಕಾರಣ. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದಂತೆ ಸ್ಕಾಚ್ ಮೇಲಿನ ಆಮದು ಸುಂಕ ಶೇಕಡಾ 150ರಿಂದ 75ಕ್ಕೆ ಇಳಿದು, ಹತ್ತು ವರ್ಷಗಳಲ್ಲಿ 40ಕ್ಕೆ ಬರಬೇಕು.

ಇದೇ ತೆಂಗಿನ ಮರದಿಂದ ಇಳಿಯುವ ನೀರಾದ ಕಥೆ ನೆನಪಿಸಿಕೊಳ್ಳಿ. ನೀರಾ ಹುಳಿಯುವ ಮುನ್ನಿನ ಸಿಹಿ ರಸ, ಅದರಲ್ಲಿ ಅಮಲಿಲ್ಲ. ತೆಂಗಿಗೆ ನುಸಿ ಪೀಡೆ ಬಿದ್ದು ಕಾಯಿ ಸೊರಗಿದ ಕಾಲದಲ್ಲಿ ನೀರಾ ಇಳಿಸಿ ಬದುಕಿಕೊಳ್ಳುತ್ತೇವೆ ಎಂದು ರೈತರು ಕೇಳಿದರು. ಹುಳಿತರೆ ಹೆಂಡವಾಗುತ್ತದೆ ಎಂಬ ಕಾರಣಕ್ಕೆ ಅಬಕಾರಿ ಕಾನೂನು ಅಡ್ಡ ಬಂತು. 2001ರ ಅಕ್ಟೋಬರಿನಲ್ಲಿ ಚನ್ನಪಟ್ಟಣ ತಾಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ರೈತರು ಬಲಿಯಾದರು. ಪರವಾನಗಿಯ ನೀರಾಕ್ಕೆ ಸರ್ಕಾರ ದಾರಿ ತೆರೆದದ್ದು ವರ್ಷಗಳ ನಂತರ. ಅಮಲಿಲ್ಲದ ರಸಕ್ಕೆ ಗುಂಡು, ಅಮಲಿನ ಬಾಟಲಿಗೆ ರಿಯಾಯಿತಿ.

ನಾನು ಹೆಂಡಕ್ಕೆ ಮರ್ಯಾದೆ ಕೊಡಿ ಎಂದು ಕೇಳುತ್ತಿಲ್ಲ. ನನ್ನ ಧರ್ಮದಲ್ಲಿ ನಿಷೇಧಕ್ಕೆ ಬೆಲೆಪಟ್ಟಿ ಇಲ್ಲ. ಹೆಂಡವೂ ಒಂದೇ, ಸ್ಕಾಚೂ ಒಂದೇ. ಹಾಗೆಂದು ನಮ್ಮ ಚರಿತ್ರೆ ಶುದ್ಧವೆಂದಲ್ಲ. ಬಾದಶಹ ಜಹಾಂಗೀರ್ ತನ್ನ ಕುಡಿತವನ್ನು ತನ್ನದೇ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಅರಮನೆಯ ಬಟ್ಟಲು ಅಭಿರುಚಿ, ಗುಡಿಸಲಿನ ಮಡಕೆ ದುರಭ್ಯಾಸ ಎಂಬ ವಿಂಗಡಣೆ ಎಲ್ಲ ಸಮುದಾಯಗಳಲ್ಲೂ ಇತ್ತು. ಈಗ ಅದು ರುಚಿಯ ಭಾಷೆಯ ಅಂಗಿ ತೊಟ್ಟು ಬಂದಿದೆ.

ಇನ್ನೊಂದು ಮಾತು. ಈ ಭಾಷೆಯ ಮುದ್ರೆ ಬೀಳುವುದು ಎಲ್ಲಿಂದ ಎಂಬುದೂ ಮುಖ್ಯ. ಬೆಂಗಳೂರಿನ ಅಮೃತ್ ಕಂಪನಿ 1948ರಲ್ಲಿ ಶುರುವಾದದ್ದು. ತನ್ನ ಸಿಂಗಲ್ ಮಾಲ್ಟನ್ನು ಅದು ಮೊದಲು ಬಿಡುಗಡೆ ಮಾಡಿದ್ದು 2004ರಲ್ಲಿ, ಗ್ಲಾಸ್ಗೋದಲ್ಲಿ. ಇಲ್ಲಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 10ಕ್ಕೂ ಹೆಚ್ಚು ಆವಿಯಾಗುವುದರಿಂದ ಅದು ಬೇಗ ಮಾಗುತ್ತದಂತೆ. ಅದರ ಫ್ಯೂಷನ್ ಎಂಬ ಬಾಟಲಿಗೆ ಅದೇ 'ವಿಸ್ಕಿ ಬೈಬಲ್' 2010ರ ಆವೃತ್ತಿಯಲ್ಲಿ ಜಗತ್ತಿನ ಮೂರನೇ ಸ್ಥಾನ ಕೊಟ್ಟಿತು. ಬೆಂಗಳೂರಿನಲ್ಲಿ ಮಾರಾಟ ಶುರುವಾದದ್ದೂ 2010ರಲ್ಲೇ. ನಮ್ಮದು ಚೆನ್ನಾಗಿದೆ ಎನ್ನಲು ದೂರದ ನಾಲಿಗೆಯೊಂದು ಹೇಳುವವರೆಗೆ ಕಾದೆವು.

ಸಂಜೆ ಆ ಹುಡುಗನಿಗೆ ಒಂದು ಪರೀಕ್ಷೆ ಕೊಟ್ಟೆ. "ಅಟ್ಟದ ಕೊಬ್ಬರಿಗೆ ಇದೇ ಥರ ನಾಲ್ಕು ಸಾಲು ಕನ್ನಡದಲ್ಲಿ ಹೇಳು ನೋಡೋಣ." ವಿಸ್ಕಿಯ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಿದ್ದವನು ಕೊಬ್ಬರಿಯ ಚೂರೊಂದನ್ನು ಅಗಿದು "ಚೆನ್ನಾಗೈತೆ" ಎಂದ. ಸ್ವಲ್ಪ ಯೋಚಿಸಿ "ಸಿಹಿ ಐತೆ" ಎಂದ. ಅಲ್ಲಿಗೆ ನಿಂತ.

ಅಜ್ಜಿ ಮೂರು ಕೊಬ್ಬರಿ ತರಿಸಿ ಮುಂದಿಟ್ಟರು. "ಇದು ಎಳೆಗಾಯಿ ಅಟ್ಟಕ್ಕೆ ಹಾಕಿದ್ದು, ನೋಡು ಹೆಂಗೆ ಸುಕ್ಕಾಗಿ ರಬ್ಬರ್ ಆಗೈತೆ. ಇದು ಥಂಡಿ ಹಿಡಿದಿದ್ದು, ಮೂಸಿದ್ರೆ ಕಮಟು. ಇದು ಸರಿಯಾಗಿ ಕೂತಿದ್ದು ಕಣಪ್ಪ. ಅಗಿ, ಮೊದಲು ಹಾಲು ಬತ್ತದೆ. ಆಮೇಲೆ ಎಣ್ಣೆ. ನುಂಗಿದ ಮ್ಯಾಲೆ ಸಿಹಿ, ಅದು ಬಾಯಾಗೇ ಉಳೀತದೆ." ಮೂಗಿಗೆ ಏನು, ನಾಲಿಗೆಗೆ ಏನು, ಕೊನೆಗೆ ಉಳಿಯುವುದೇನು ಎಂದು ಆ ಅಂಗಡಿಯ ಕಾಗದ ಮೂರು ಭಾಗ ಮಾಡಿತ್ತಲ್ಲ, ಅಜ್ಜಿಯೂ ಹಾಗೇ ಹೇಳಿದ್ದರು. ಜೊತೆಗೆ ಯಾರು ಅವಸರ ಮಾಡಿದರು, ಯಾರು ಕಾದರು ಎಂಬುದನ್ನೂ ಸೇರಿಸಿದ್ದರು.

ಒಗರು, ಕಮಟು, ಸೊಗಡು, ಹದ ಇವೆಲ್ಲ ನಮ್ಮ ಮಾತುಗಳೇ. ಅವು ಅಜ್ಜಿಯ ಬಾಯಲ್ಲಿವೆ, ಮೊಮ್ಮಗನ ಬಾಯಲ್ಲಿಲ್ಲ. ಸ್ಕಾಚ್ ಅಗ್ಗವಾದರೆ ಅದರ ಭಾಷೆಯೂ ಅಂಗಡಿಯಿಂದ ಅಂಗಡಿಗೆ ಇಳಿದು ನಾಳೆ ತಿಪಟೂರಿಗೂ ಬಂದೀತು. ಅದನ್ನು ತಡೆಯುವುದು ನಮ್ಮ ಕೈಲಿಲ್ಲ. ನಮ್ಮ ರುಚಿಗಳಿಗೆ ಇದ್ದ ಮಾತು ಅಷ್ಟರೊಳಗೆ ಬತ್ತಿಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಲಿದೆ.

ಹೊರಡುವಾಗ ಅಜ್ಜಿ ಅಟ್ಟದ ಅಂಚಿನಿಂದ ಒಂದು ಕಾಯಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿದರು. "ಇನ್ನೂ ನೀರೈತೆ. ಶ್ರಾವಣ ಕಳೀಲಿ, ಆಮೇಲೆ ಬರ್ರಿ ಮೇಷ್ಟ್ರೆ" ಎಂದು ಅದನ್ನು ಅಲ್ಲೇ ಇಟ್ಟರು. ಮೊಮ್ಮಗ ಇನ್ನೊಂದು ಕಾಯಿ ತೆಗೆದು ತನ್ನ ಕಿವಿಗೆ ಹಿಡಿದುಕೊಂಡ.