ಆಮೆಗಳ ದಾರಿಯೂ ದುಂದುವೆಚ್ಚದ ಲೆಕ್ಕವೂ

ಬೊಕ್ಕಸದ ಹಣ ಪೋಲಾಗುವಾಗ ಅದನ್ನು ಪ್ರಶ್ನಿಸುವುದು ಪ್ರಜೆಯ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ಆದರೆ ಪೋಲಾದುದು ಯಾವುದು ಎಂದು ನಿರ್ಣಯಿಸುವವನ ಅಳತೆಗೋಲೂ ಪರೀಕ್ಷೆಗೆ ಒಳಪಡಬೇಕಾದುದೇ. ಅಮೆರಿಕದ ಒಂದು ವರದಿ ಇದಕ್ಕೆ ಉತ್ತಮ ನಿದರ್ಶನ.

2009ರ ಫೆಬ್ರವರಿ 17ರಂದು ಅಧ್ಯಕ್ಷ ಒಬಾಮ ಅವರು ಆರ್ಥಿಕ ಪುನಶ್ಚೇತನ ಕಾಯ್ದೆಗೆ ಸಹಿ ಹಾಕಿದರು. ಅದರ ಅಂದಾಜು ಮೊತ್ತ 78,700 ಕೋಟಿ ಡಾಲರು. ಅದೇ ವರ್ಷದ ಜೂನ್ ತಿಂಗಳಲ್ಲಿ ಒಕ್ಲಹೋಮದ ಸೆನೆಟರ್ ಟಾಮ್ ಕೋಬರ್ನ್ ಅವರು ಈ ಹಣದಿಂದ ನಡೆಯುತ್ತಿದ್ದ ನೂರು ಕಾಮಗಾರಿಗಳನ್ನು ಆಯ್ದು, ಅವು ಅನವಶ್ಯಕವೆಂದು ಟೀಕಿಸುವ ವರದಿಯೊಂದನ್ನು ಹೊರತಂದರು. 'ಎರಡನೆಯ ಅಭಿಪ್ರಾಯ' ಎಂಬ ಅರ್ಥ ಬರುವ ಹೆಸರನ್ನು ಅದಕ್ಕೆ ಇಟ್ಟಿದ್ದರು. ಅವರು ವೃತ್ತಿಯಿಂದ ವೈದ್ಯರು, ಹೆಸರು ಒಪ್ಪುವಂಥದೇ.

ಆ ಪಟ್ಟಿಯಲ್ಲಿ ಜನರನ್ನು ಅತಿಹೆಚ್ಚು ನಗಿಸಿದ ಬಾಬ್ತು ಫ್ಲಾರಿಡಾದ 34 ಲಕ್ಷ ಡಾಲರಿನ ಆಮೆಗಳ ಸುರಂಗ. ಟ್ಯಾಲಹಾಸಿ ನಗರದ ಬಳಿಯ ಜಾಕ್ಸನ್ ಸರೋವರವನ್ನು 27ನೆಯ ಹೆದ್ದಾರಿ ಸೀಳಿಕೊಂಡು ಹೋಗಿದೆ. ಈ ಸರೋವರಕ್ಕೊಂದು ವಿಚಿತ್ರ ಸ್ವಭಾವ: ಬರ ಬಂದಾಗ ತಳದ ಬಿಲಗಳ ಮೂಲಕ ನೀರೆಲ್ಲ ನೆಲದೊಳಕ್ಕೆ ಇಳಿದುಹೋಗುತ್ತದೆ. 1999–2000ರಲ್ಲಿ ಹಾಗೆ ಬತ್ತಿದಾಗ ಆಮೆಗಳು ನೀರನ್ನು ಅರಸಿ ರಸ್ತೆಯ ಆಚೆ ಬದಿಗೆ ಹೊರಟವು. ನಾಲ್ಕು ಸಾಲು ವಾಹನಗಳ ನಡುವೆ ದಾಟಿ ಬದುಕಿ ಉಳಿದವು ಅತಿ ವಿರಳ. ಸ್ವಯಂಸೇವಕರು ತಾತ್ಕಾಲಿಕ ಬೇಲಿ ಹಾಕಿ, ಆಮೆಗಳನ್ನು ಕೈಯಲ್ಲಿ ಎತ್ತಿ ಆಚೆ ದಾಟಿಸುತ್ತ ಬಂದರು. ರಸ್ತೆಯ ಅಡಿಯಲ್ಲಿ ಶಾಶ್ವತ ದಾರಿ ಬೇಕೆಂದು ವರ್ಷಗಟ್ಟಲೆ ಕೇಳಿದರು. ವರದಿಯನ್ನು ಓದಿ ನಕ್ಕವರಿಗೆ ಈ ಹಿನ್ನೆಲೆ ತಿಳಿದಿದ್ದಂತೆ ತೋರುವುದಿಲ್ಲ.

ಕಾಮಗಾರಿಯ ದರ ಹೆಚ್ಚಾಯಿತೆಂದು ವಾದಿಸಬಹುದು. ಅದರ ಹೊರೆ ಕೇಂದ್ರದ ಮೇಲೆ ಬೀಳಬೇಕೆ, ರಾಜ್ಯದ ಮೇಲೆ ಬೀಳಬೇಕೆ ಎಂದೂ ಕೇಳಬಹುದು. ಇವು ನ್ಯಾಯವಾದ ಪ್ರಶ್ನೆಗಳು. ಆದರೆ ಶ್ರಾವಕನ ಅನರ್ಥದಂಡವಿರತಿ ವ್ರತವು ಮೊದಲು ಕೇಳುವುದು ಕ್ರಿಯೆಯ ಪ್ರಯೋಜನವೇನು ಎಂಬುದನ್ನು. ಕೇಳಲು ತಮಾಷೆಯಾಗಿದೆ ಎಂಬ ಮಾತ್ರಕ್ಕೆ ಯಾವ ವೆಚ್ಚವೂ ನಿಷ್ಪ್ರಯೋಜಕವಾಗುವುದಿಲ್ಲ. ಸಾಯುತ್ತಿದ್ದ ಜೀವಿಗಳು ಸಾಯದಂತೆ ಮಾಡಿದ ವೆಚ್ಚವಂತೂ ಖಂಡಿತ ಅಲ್ಲ.

ಹಾಗೆಂದು ಕಾಯ್ದೆಯಲ್ಲಿ ದುಂದು ಇರಲಿಲ್ಲವೆಂದಲ್ಲ. ಪೆನ್ಸಿಲ್ವೇನಿಯದ ಜಾನ್ಸ್‌ಟೌನ್‌ನಲ್ಲಿ ಜಾನ್ ಮರ್ಥಾ ಎಂಬ ಪ್ರಭಾವಿ ಸಂಸದರ ಹೆಸರನ್ನೇ ಹೊತ್ತ ವಿಮಾನನಿಲ್ದಾಣವಿದೆ. ದಿನಕ್ಕೆ ಬೆರಳೆಣಿಕೆಯ ವಿಮಾನಗಳು ಬಂದುಹೋಗುತ್ತಿದ್ದ ಅಲ್ಲಿ ಎರಡನೆಯ ಓಡುದಾರಿಯ ದುರಸ್ತಿಗೆ 8 ಲಕ್ಷ ಡಾಲರು ದೊರೆಯಿತು. ವೃದ್ಧರಿಗೂ ಅಂಗವಿಕಲರಿಗೂ ತಲಾ 250 ಡಾಲರು ಹಂಚಿದಾಗ ಸುಮಾರು 72,000 ಚೆಕ್ಕುಗಳು ಮೃತರ ಹೆಸರಿಗೆ ಹೋದವೆಂದು 2010ರಲ್ಲಿ ಬೆಳಕಿಗೆ ಬಂತು. ಇದಕ್ಕೆಲ್ಲ ಮೂಲ ಆತುರ. ನಿರುದ್ಯೋಗ ಏರುತ್ತಿದ್ದುದರಿಂದ ಹಣ ಬೇಗ ಹರಿಯಬೇಕಿತ್ತು. ಬೇಗ ಹರಿಯಬೇಕಾದರೆ ಅಗತ್ಯವಾದ ಕೆಲಸಕ್ಕಿಂತ ಸಿದ್ಧವಾಗಿದ್ದ ಕಡತಕ್ಕೆ ಮೊದಲ ಮಣೆ. ಕೂಡಲೇ ಗುದ್ದಲಿ ಹಾಕಬಹುದಾದ ಕಾಮಗಾರಿಗಳೆಂಬುದು ಇರಲೇ ಇಲ್ಲವೆಂದು ಒಬಾಮ ಅವರೇ 2010ರಲ್ಲಿ ಒಪ್ಪಿಕೊಂಡರು.

ವರದಿಯ ನಿಜವಾದ ದೋಷ ಅದರ ಮೊತ್ತದಲ್ಲಿದೆ. ನೂರೂ ಬಾಬ್ತುಗಳನ್ನು ಕೂಡಿಸಿದರೆ ಆಗುವುದು 550 ಕೋಟಿ ಡಾಲರು, ಅಂದರೆ ಕಾಯ್ದೆಯ ಶೇಕಡಾ ಒಂದಕ್ಕೂ ಕಡಿಮೆ. ಇದೇ ಕಾಯ್ದೆಯಲ್ಲಿ 'ಪರ್ಯಾಯ ಕನಿಷ್ಠ ತೆರಿಗೆ'ಯ ವಿನಾಯಿತಿಗೆಂದು ಸುಮಾರು 7,000 ಕೋಟಿ ಡಾಲರು ಇತ್ತು. ಸಂಸತ್ತು ವರ್ಷ ವರ್ಷವೂ ಹೇಗೂ ನೀಡುತ್ತ ಬಂದ ವಿನಾಯಿತಿ ಅದು; ಅದರ ಲಾಭ ಬಹುಮಟ್ಟಿಗೆ ಅನುಕೂಲಸ್ಥರಿಗೆ. ಹೇಗೂ ಸಿಗಲಿದ್ದುದನ್ನು ಕೊಟ್ಟರೆ ಹೊಸ ಉದ್ಯೋಗ ಹುಟ್ಟುವುದೆಂತು? ಎಷ್ಟೋ ಅರ್ಥಶಾಸ್ತ್ರಜ್ಞರು ಇದರಿಂದ ಉತ್ತೇಜನ ಇಲ್ಲವೆಂದರು. ಆದರೆ ತೆರಿಗೆಯ ಕಲಮಿಗೆ ಆಮೆಯಂತೆ ರೂಪವಿಲ್ಲ. ಅದನ್ನು ಕಂಡು ನಗು ಬರುವುದಿಲ್ಲ. ಕಾಮಗಾರಿಗಳನ್ನಷ್ಟೇ ಎಣಿಸಿದ ವರದಿಯ ಕಣ್ಣಿಗೆ ಅದು ಬೀಳಲಿಲ್ಲ.

ಆಮೆಗಳ ದಾರಿ 2010ರಲ್ಲಿ ಪೂರ್ಣಗೊಂಡಿತು. ಅದಕ್ಕೆ ತಗುಲಿದ ಹಣದ ಇಪ್ಪತ್ತು ಸಾವಿರ ಪಟ್ಟು ನುಂಗಿದ ತೆರಿಗೆ ವಿನಾಯಿತಿ ಆಮೇಲೂ ಮುಂದುವರಿದು, 2013ರ ಜನವರಿಯಲ್ಲಿ ಸಹಿಯಾದ ಕಾಯ್ದೆಯ ಮೂಲಕ ಕಾಯಂ ಆಯಿತು.