ಹಾಸನದಿಂದ ನೋಡಿದ ಉಹುರಾ

ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು ಹಳೇಬೀಡು, ಬೇಲೂರಿನ ದಾರಿ ಹಿಡಿಯುವವರ ಕಣ್ಣೆಲ್ಲ ಹನ್ನೆರಡನೇ ಶತಮಾನದ ಮೇಲೆ. ಈಚೆಗೆ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಹಲ್ಲುಚಕ್ರವನ್ನೋ ಗಗನನೌಕೆಯನ್ನೋ ‘ಪತ್ತೆಹಚ್ಚಿ’ ವಿಡಿಯೊ ಹಾಕುವವರೂ ಹೆಚ್ಚಿದ್ದಾರೆ. ತಮಾಷೆಯೆಂದರೆ, ಅದೇ ಜಿಲ್ಲೆಯಲ್ಲಿ ನಿಜವಾಗಿಯೂ ಬಾಹ್ಯಾಕಾಶದೊಂದಿಗೆ ಮಾತಾಡುವ ಜಾಗ ಒಂದಿದೆ: ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಜನರ ಬಾಯಲ್ಲಿ ಎಂಸಿಎಫ್. 1982ರಿಂದ ಅಲ್ಲಿನ ಆಂಟೆನಾಗಳು ಉಪಗ್ರಹಗಳ ನಾಡಿ ಹಿಡಿದು ಕೂತಿವೆ. ಅಮೆರಿಕದ ಟಿವಿ ನಟಿಯೊಬ್ಬರ ಕುರಿತ ಮಾತನ್ನು ಅಲ್ಲಿಂದ ಶುರುಮಾಡಲು ಕಾರಣವಿದೆ.

ಆ ಕೇಂದ್ರದ ಮೊದಲ ಉಪಗ್ರಹ ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಮೇಲೇರಿ ಸೆಪ್ಟೆಂಬರ್‌ಗೆಲ್ಲ ಕೈಕೊಟ್ಟಿತು. ಎರಡನೆಯದಾದ ಇನ್ಸಾಟ್-1ಬಿ 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೊರಟಿತು. ಮರುದಿನ ಅದನ್ನು ನೌಕೆಯಿಂದ ಹೊರಬಿಟ್ಟವರಲ್ಲಿ ಒಬ್ಬರು ಗಯಾನ್ ಬ್ಲೂಫರ್ಡ್, ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್-ಅಮೆರಿಕನ್. ಈ ಉಪಗ್ರಹದ ಬಲದಿಂದ ದೂರದರ್ಶನ ಊರೂರಿಗೆ ಹಬ್ಬಿತು. ಅದೇ ದಶಕದಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಧಾರಾವಾಹಿ ತೋರಿಸಿತು. ಅದರಲ್ಲಿ ಕ್ಯಾಪ್ಟನ್ ಕರ್ಕ್‌ನ ಬೆನ್ನ ಹಿಂದೆ, ಕೆಂಪು ಸಮವಸ್ತ್ರ ತೊಟ್ಟು, ಕಿವಿಗೆ ಬೆಳ್ಳಿ ಬಣ್ಣದ ಇಯರ್‌ಪೀಸ್ ಸಿಕ್ಕಿಸಿಕೊಂಡು ಲೆಫ್ಟಿನೆಂಟ್ ಉಹುರಾ ಕೂತಿರುತ್ತಿದ್ದಳು. ಉಹುರಾ ಆಗಿದ್ದ ನಿಶೆಲ್ ನಿಕೋಲ್ಸ್ 1977ರಲ್ಲಿ ನಾಸಾ ಪರವಾಗಿ ಊರೂರು ತಿರುಗಿ, ಹೆಂಗಸರೂ ಕಪ್ಪುಜನರೂ ಗಗನಯಾತ್ರಿಗಳಾಗಲು ಅರ್ಜಿ ಹಾಕಿ ಎಂದು ಕರೆದಿದ್ದರು. ಆ ಸುತ್ತಿನಲ್ಲಿ ಆಯ್ಕೆಯಾದವರೇ ಈ ಬ್ಲೂಫರ್ಡ್.

ಕಾದಂಬರಿಯಲ್ಲಿ ಹೀಗೆ ಬರೆದಿದ್ದರೆ ಸಂಪಾದಕರು ಅತಿಯಾಯಿತೆಂದು ಗೀಟು ಎಳೆಯುತ್ತಿದ್ದರು.

ನಿಕೋಲ್ಸ್ ಹುಟ್ಟಿದ್ದು 1932ರ ಡಿಸೆಂಬರ್ 28ರಂದು, ಶಿಕಾಗೊ ಹತ್ತಿರದ ರಾಬಿನ್ಸ್ ಎಂಬ ಕಪ್ಪುಜನರ ಊರಿನಲ್ಲಿ. ಹೆತ್ತವರಿಟ್ಟ ಹೆಸರು ಗ್ರೇಸ್. ತಂದೆ ಕಾರ್ಖಾನೆಯ ಕೆಲಸಗಾರ, ಆ ಊರಿನ ಮೇಯರ್ ಕೂಡ ಆಗಿದ್ದವರು. ನೃತ್ಯ ಕಲಿತ ಹುಡುಗಿ ಡ್ಯೂಕ್ ಎಲಿಂಗ್ಟನ್ ಮತ್ತು ಲಯನಲ್ ಹ್ಯಾಂಪ್ಟನ್ ಅವರ ವಾದ್ಯವೃಂದಗಳ ಜೊತೆ ಕುಣಿದು, ಹಾಡಿ, ಊರೂರು ಸುತ್ತಿದಳು. 1959ರ ‘ಪೋರ್ಗಿ ಅಂಡ್ ಬೆಸ್’ ಚಿತ್ರದ ನರ್ತಕಿಯರ ಗುಂಪಿನಲ್ಲೂ ಇದ್ದಳು. 1964ರಲ್ಲಿ ಜೀನ್ ರಾಡನ್‌ಬೆರಿಯವರ ‘ದಿ ಲೆಫ್ಟಿನೆಂಟ್’ ಧಾರಾವಾಹಿಯ ಒಂದು ಕಂತಿನಲ್ಲಿ ನಟಿಸಿದರು. ಎರಡು ವರ್ಷದ ಬಳಿಕ ಅದೇ ರಾಡನ್‌ಬೆರಿ ಅವರನ್ನು ‘ಸ್ಟಾರ್ ಟ್ರೆಕ್’ನ ಎಂಟರ್‌ಪ್ರೈಸ್ ನೌಕೆಯ ಸಂಪರ್ಕಾಧಿಕಾರಿಯ ಕುರ್ಚಿಯಲ್ಲಿ ಕೂರಿಸಿದರು. ಮನೆಗೆಲಸದವಳಲ್ಲದ, ಕುಣಿದು ರಂಜಿಸುವವಳೂ ಅಲ್ಲದ, ಅಧಿಕಾರಿಯ ದರ್ಜೆಯ ಕಪ್ಪುಹೆಣ್ಣು ವಾರವಾರವೂ ಅಮೆರಿಕದ ಟಿವಿಯಲ್ಲಿ ಕಾಣಿಸುವುದು ಆ ಕಾಲಕ್ಕೆ ದೊಡ್ಡ ಮಾತು.

ದೊಡ್ಡ ಮಾತು ಹೌದು, ಪಾತ್ರ ಮಾತ್ರ ಚಿಕ್ಕದು. 1966ರ ಸೆಪ್ಟೆಂಬರ್‌ನಿಂದ 1969ರ ಜೂನ್‌ವರೆಗೆ ಪ್ರಸಾರವಾದ 79 ಕಂತುಗಳಲ್ಲಿ ಉಹುರಾಳ ಕೆಲಸ ಬಹುಪಾಲು ಒಂದೇ: ಯಾರೋ ಕರೆಯುತ್ತಿದ್ದಾರೆ, ಯಾರೂ ಉತ್ತರಿಸುತ್ತಿಲ್ಲ, ಮಾರ್ಗ ತೆರೆದಿದೆ ಎಂದು ಕ್ಯಾಪ್ಟನ್‌ಗೆ ತಿಳಿಸುವುದು. ಆಕೆಗೆ ಒಂದು ಪೂರ್ಣ ಹೆಸರು ಕೂಡ ಇರಲಿಲ್ಲ. ‘ನಿಯೋಟಾ’ ಎಂಬ ಮೊದಲ ಹೆಸರು ತೆರೆಯ ಮೇಲೆ ಕೇಳಿದ್ದು 2009ರ ಚಲನಚಿತ್ರದಲ್ಲಿ, ಅದೂ ಬೇರೆ ನಟಿ ಪಾತ್ರ ವಹಿಸಿಕೊಂಡ ಮೇಲೆ. ಬೇಲೂರಿನ ಮದನಿಕೆಯರ ನೆನಪಾಗುತ್ತದೆ. ಅಲ್ಲಿ ಕೆಲವು ವಿಗ್ರಹಗಳ ಕೆಳಗೆ ದಾಸೋಜ, ಚಾವಣ ಎಂದು ಕೆತ್ತಿದವರ ಹೆಸರಿದೆ, ನಿಂತವಳ ಹೆಸರಿಲ್ಲ. ಕನ್ನಡಿ ಹಿಡಿದವಳು, ಬೇಟೆಯವಳು, ಮದ್ದಲೆಯವಳು ಎಂದು ಮಾಡುವ ಕೆಲಸದಿಂದಲೇ ಅವರನ್ನು ಗುರುತಿಸಬೇಕು.

ಇಷ್ಟು ಕಡಿಮೆ ಬರವಣಿಗೆಯಲ್ಲಿ ನಿಕೋಲ್ಸ್ ಏನು ಮಾಡಿದರು? ಕೇಳಿಸಿಕೊಂಡರು. ಇದನ್ನು ಹೊಗಳಿಕೆಯಾಗಿಯೇ ಹೇಳಬೇಕು. ನರ್ತಕಿಯ ನೆಟ್ಟನೆ ಬೆನ್ನು, ಇಯರ್‌ಪೀಸ್ ಕಡೆ ಹೋಗುವ ಬೆರಳು, ಒಂದು ಕ್ಷಣ ಎಲ್ಲೂ ನೆಡದ ನೋಟ. ಎಷ್ಟೋ ಕಂತುಗಳಲ್ಲಿ ಅಪಾಯ ನೌಕೆಯ ದೊಡ್ಡ ಪರದೆಗೆ ಬರುವ ಮೊದಲು ಆಕೆಯ ಮುಖಕ್ಕೆ ಬರುತ್ತದೆ. ಕರ್ಕ್ ಆಗಿದ್ದ ಶಾಟ್ನರ್ ತಮ್ಮ ಸಾಲುಗಳನ್ನು ಎಳೆದೂ ಕಡಿದೂ ಆಡುವಾಗ, ಹಿಂದೆ ಕೂತ ಈ ನಟಿಯ ಸಂಯಮದಿಂದಾಗಿ ಆ ರಟ್ಟಿನ ಸೆಟ್ ಒಂದು ಕಚೇರಿಯಂತೆ, ನಿಜವಾಗಿ ಕೆಲಸ ನಡೆಯುವ ಜಾಗದಂತೆ ಕಾಣುತ್ತದೆ.

ಬರಹಗಾರರು ಈ ನಟಿಯನ್ನು ಹೇಗೆ ಬಳಸಿದರು, ಹೇಗೆ ಹಾಳುಮಾಡಿದರು ಎಂದು ತಿಳಿಯಲು 1967ರ ಮೂರು ವಾರಗಳು ಸಾಕು. ಸೆಪ್ಟೆಂಬರ್ 22ರ ಕಂತು ‘ಹೂ ಮೌರ್ನ್ಸ್ ಫಾರ್ ಅಡೊನಾಯಿಸ್?’ನಲ್ಲಿ ನೌಕೆಯ ಸಂಪರ್ಕ ಕಡಿದುಹೋಗಿದೆ. ಉಹುರಾ ಯಂತ್ರದ ಒಡಲು ಬಿಚ್ಚಿ, ಸೂಕ್ಷ್ಮ ಉಪಕರಣ ಹಿಡಿದು, ತಂತಿ ಜೋಡಿಸುತ್ತಾಳೆ. ಈ ಕೆಲಸಕ್ಕೆ ಆಕೆಗಿಂತ ಯೋಗ್ಯರಿಲ್ಲ ಎಂದು ಮೇಲಧಿಕಾರಿ ಸ್ಪಾಕ್ ಹೇಳುತ್ತಾನೆ. ಚಿಕ್ಕ ದೃಶ್ಯ, ಆದರೆ ಸಂಪರ್ಕಾಧಿಕಾರಿ ಎಂದರೆ ಬರೀ ಟೆಲಿಫೋನ್ ಆಪರೇಟರ್ ಅಲ್ಲ ಎಂಬ ಅರಿವು ಅಲ್ಲಿದೆ.

ಮುಂದಿನ ವಾರವೇ, ಸೆಪ್ಟೆಂಬರ್ 29ರ ‘ದಿ ಚೇಂಜ್‌ಲಿಂಗ್’ನಲ್ಲಿ, ಆಕೆ ಕೆಲಸ ಮಾಡುತ್ತ ಗುನುಗುತ್ತಿರುವಾಗ ನೋಮ್ಯಾಡ್ ಎಂಬ ಯಂತ್ರ ಬಂದು, ಈ ಹಾಡು ಎಂದರೇನು ಎಂದು ತಿಳಿಯಲು ಹೋಗಿ, ಆಕೆಯ ನೆನಪನ್ನೆಲ್ಲ ಅಳಿಸಿಬಿಡುತ್ತದೆ. ಓದಿದ್ದು, ಕಲಿತದ್ದು ಎಲ್ಲ ಹೋಗಿ ಆಕೆ ಮಕ್ಕಳ ಪುಸ್ತಕ ಹಿಡಿದು ಅಕ್ಷರ ಕೂಡಿಸಬೇಕಾಗುತ್ತದೆ. ಮನುಷ್ಯಳೊಬ್ಬಳ ಬದುಕೇ ಮುಗಿದಂಥ ಈ ಘಟನೆ ಕಥೆಗೆ ಒಂದು ಉಪಕಥೆ ಮಾತ್ರ. ವಾರದೊಳಗೆ ಸರಿಹೋಗುತ್ತಾಳೆ ಎಂದು ಡಾಕ್ಟರ್ ಹೇಳುವಲ್ಲಿಗೆ ವಿಷಯ ಮುಗಿಯಿತು. ಕರ್ಕ್‌ಗೆ ಹೀಗಾಗಿದ್ದರೆ ಎರಡು ಕಂತು ಬರೆಯುತ್ತಿದ್ದರು.

ಅಕ್ಟೋಬರ್ 6ರ ‘ಮಿರರ್, ಮಿರರ್’ ಆಕೆಯ ಅತ್ಯುತ್ತಮ ಅಭಿನಯ. ಕ್ರೂರಿಗಳೇ ತುಂಬಿದ ಸಮಾನಾಂತರ ಲೋಕದ ಎಂಟರ್‌ಪ್ರೈಸ್‌ನಲ್ಲಿ ಸಿಕ್ಕಿಬಿದ್ದ ಉಹುರಾ, ಅಲ್ಲಿನ ಅಧಿಕಾರಿ ಸುಲುವಿನ ಕಣ್ಣು ಯಂತ್ರಫಲಕದ ಕಡೆ ಹೋಗದಂತೆ ತಡೆಯಬೇಕು. ಹೋಗುವ ಮುನ್ನ ಆಕೆಗೆ ಭಯವಿದೆ, ಮತ್ತು ನಿಕೋಲ್ಸ್ ಅದನ್ನು ಮುಚ್ಚಿಡುವುದಿಲ್ಲ. ಬಳಿಕ ಲಲ್ಲೆ, ಕಪಾಳಮೋಕ್ಷ, ಹಿರಿದ ಕಠಾರಿ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಆ ಮೊದಲ ಭಯ ಎಲ್ಲಿಯೋ ಅಡಿಯಲ್ಲಿ ಮಿಡಿಯುತ್ತಲೇ ಇರುತ್ತದೆ. ಬರಹಗಾರರಿಗೆ ಹೊಳೆದ ಆಯುಧ ಹೆಣ್ಣಿನ ಒಯ್ಯಾರ, ಅದೂ ಹೊಟ್ಟೆ ಕಾಣುವ ಉಡುಪಿನಲ್ಲಿ. ನಟಿ ಅದರೊಳಗೆ ಅಧಿಕಾರಿಯೊಬ್ಬಳ ಲೆಕ್ಕಾಚಾರವನ್ನು ತುಂಬಿದರು.

ಜನ ನೆನೆಯುವುದು ಮಾತ್ರ 1968ರ ನವೆಂಬರ್ 22ರ ಮುತ್ತನ್ನು. ‘ಪ್ಲೇಟೋಸ್ ಸ್ಟೆಪ್‌ಚಿಲ್ಡ್ರನ್’ ಕಂತಿನ ಕರ್ಕ್–ಉಹುರಾ ಚುಂಬನವನ್ನು ಅಮೆರಿಕದ ಟಿವಿಯ ಮೊದಲ ಅಂತರ್ಜನಾಂಗೀಯ ಚುಂಬನವೆಂದು ಹೇಳುವ ರೂಢಿಯಿದೆ. ಅದಕ್ಕೂ ಮೊದಲಿನ ಉದಾಹರಣೆಗಳು ಇರುವುದರಿಂದ ಆ ಮಾತು ನಿಲ್ಲುವುದಿಲ್ಲ. ಕಪ್ಪು–ಬಿಳಿ ಮದುವೆಯ ನಿಷೇಧವನ್ನು ಅಲ್ಲಿನ ಸುಪ್ರೀಂ ಕೋರ್ಟ್ ರದ್ದುಮಾಡಿ ಆಗಿನ್ನೂ ಒಂದೂವರೆ ವರ್ಷವೂ ಆಗಿರಲಿಲ್ಲ, ದಕ್ಷಿಣ ರಾಜ್ಯಗಳ ಟಿವಿ ಕೇಂದ್ರಗಳು ಏನೆಂದಾವೋ ಎಂದು ವಾಹಿನಿಯವರು ಹೆದರಿದ್ದರು. ಮುತ್ತಿಲ್ಲದ ಇನ್ನೊಂದು ಚಿತ್ರಿಕೆ ತೆಗೆಯುವಾಗ ಶಾಟ್ನರ್ ಬೇಕೆಂದೇ ಕಣ್ಣು ಓರೆ ಮಾಡಿ ಅದನ್ನು ಕೆಡಿಸಿದರೆಂದು ನಿಕೋಲ್ಸ್ ಬರೆದಿದ್ದಾರೆ. ಎಲ್ಲ ಸರಿ, ಆದರೆ ದೃಶ್ಯ ನೋಡಿದರೆ ಅದು ಬಲವಂತದ ಮುತ್ತು. ಅನ್ಯಗ್ರಹದವರು ಮನೋಬಲದಿಂದ ಇಬ್ಬರನ್ನೂ ಬೊಂಬೆಯಂತೆ ಆಡಿಸುತ್ತಿದ್ದಾರೆ. ಅಲ್ಲಿ ಬೆಲೆಯುಳ್ಳದ್ದು ಮುತ್ತಿಗೆ ಮುಂಚಿನ ಮಾತು: ನೌಕೆಯ ಮೂಲೆಮೂಲೆಯಿಂದ ನಿಮ್ಮ ದನಿ ಕೇಳಿದಾಗ ನನ್ನ ಭಯ ಹೋಗುತ್ತಿತ್ತು ಎಂದು ಉಹುರಾ ಕ್ಯಾಪ್ಟನ್‌ಗೆ ಹೇಳುತ್ತಾಳೆ. ದಿನವಿಡೀ ಕೇಳಿಸಿಕೊಳ್ಳುವುದೇ ಉದ್ಯೋಗವಾದವಳ ಒಳಬದುಕು ಆ ಒಂದು ಮಾತಿನಲ್ಲಿದೆ. ಮುತ್ತಿನ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಮೊದಲ ವರ್ಷದ ಕೊನೆಗೇ ನಿಕೋಲ್ಸ್ ಸರಣಿ ಬಿಟ್ಟುಹೋಗಲು ಹೊರಟಿದ್ದರು. ಆಗ ಸಮಾರಂಭವೊಂದರಲ್ಲಿ ಸಿಕ್ಕ ಮಾರ್ಟಿನ್ ಲೂಥರ್ ಕಿಂಗ್, ನಾನು ನಿಮ್ಮ ಅಭಿಮಾನಿ, ಬಿಡಬೇಡಿ ಎಂದರಂತೆ. ನಿಕೋಲ್ಸ್ ಈ ಪ್ರಸಂಗವನ್ನು ಜೀವನಪೂರ್ತಿ ಹೇಳಿದರು, 1994ರ ಆತ್ಮಕಥೆ ‘ಬಿಯಾಂಡ್ ಉಹುರಾ’ದಲ್ಲೂ ಬರೆದರು. ಹೇಳಿ ಹೇಳಿ ಅದು ಪುರಾಣದ ಹೊಳಪು ಪಡೆದಿದೆ. ಆ ಸಲಹೆಯ ಬೆಲೆ ತೆತ್ತವರು ಅವರೇ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಉಳಿದರು, ಸಾಲುಗಳು ಹೆಚ್ಚಲಿಲ್ಲ. 1969ರ ಕೊನೆಯ ಕಂತಿನಲ್ಲಿ ನೌಕೆಯ ಕ್ಯಾಪ್ಟನ್ ಪಟ್ಟ ಹೆಂಗಸರಿಗಿಲ್ಲ ಎಂಬ ಮಾತು ಬಂತು. ಆ ಕಂತಿನಲ್ಲಿ ಉಹುರಾ ಇರಲೇ ಇಲ್ಲ. ಆಕೆ ನೌಕೆಯ ನಾಯಕತ್ವ ವಹಿಸಿದ್ದು 1973ರ ಕಾರ್ಟೂನ್ ಸರಣಿಯಲ್ಲಿ, ಗಂಡಸರೆಲ್ಲ ಮಂಕುಬಡಿದು ಕೂತ ಮೇಲೆ.

ಈ ಪಾತ್ರದ ಬಡತನ ಎಲ್ಲಿಂದ ಬಂತು? ಜನಾಂಗಭೇದ, ಲಿಂಗಭೇದ ಎರಡೂ ಕಾರಣ, ಸಂಶಯವಿಲ್ಲ. ಇನ್ನೊಂದೂ ಇದೆ: ಸಂಪರ್ಕವೆಂಬ ಕೆಲಸದಲ್ಲಿ ನಾಟಕವಿದೆ ಎಂದು ಬರಹಗಾರರಿಗೆ ಹೊಳೆಯಲಿಲ್ಲ. ಗುಂಡಿ ಒತ್ತುವುದು, ಬಾಗಿಲು ತೆರೆಯುವುದು, ಅಷ್ಟೇ. ಹಾಸನದ ಮಟ್ಟಿಗೆ ಇದು ನಗುವ ವಿಷಯ. ಕಕ್ಷೆಗೆ ಬಿಟ್ಟ ಇನ್ಸಾಟ್-1ಬಿಯ ಸೌರಫಲಕ ಬಿಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ಹೋಗಿ ಕೈಯಿಂದ ಬಿಡಿಸುವಂತಿಲ್ಲ; ಇರುವುದು ಆಜ್ಞೆ ಕಳಿಸುವುದು, ಉತ್ತರಕ್ಕೆ ಕಾಯುವುದು, ಬಂದ ಅಂಕಿಗಳನ್ನು ಓದಿ ಮತ್ತೆ ಕಳಿಸುವುದು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಫಲಕ ತೆರೆಯಿತು, ಅಕ್ಟೋಬರ್‌ನಲ್ಲಿ ಉಪಗ್ರಹ ಸೇವೆಗೆ ಬಂತು. ದೇಶದ ಟಿವಿ, ಟೆಲಿಫೋನ್, ಹವಾಮಾನ ಚಿತ್ರ ಎಲ್ಲ ಆ ಸಂಭಾಷಣೆಯ ಮೇಲೆ ನಿಂತಿತ್ತು. ಇಂಥ ಒಂದೇ ಒಂದು ಕಂತು ಉಹುರಾಗೆ ಸಿಗಲಿಲ್ಲ.

ತೆರೆಯ ಮೇಲಿನ ಈ ಪಾತ್ರಕ್ಕೆ ಹೋಲಿಸಿದರೆ ನಿಕೋಲ್ಸ್ ನಾಸಾಗಾಗಿ ಮಾಡಿದ ಕೆಲಸ ಗಟ್ಟಿ. 1977ರಲ್ಲಿ ತಮ್ಮ ‘ವಿಮೆನ್ ಇನ್ ಮೋಷನ್’ ಸಂಸ್ಥೆಯ ಮೂಲಕ ನಿಕೋಲ್ಸ್ ಒಪ್ಪಂದ ಮಾಡಿಕೊಂಡು ಸಭೆಗಳಿಗೆ ಹೋದರು, ಪ್ರಚಾರಚಿತ್ರದಲ್ಲಿ ಕಾಣಿಸಿಕೊಂಡರು. ಬಂದ ಅರ್ಜಿಗಳು 8,079. 1978ರ ಜನವರಿಯಲ್ಲಿ ಪ್ರಕಟವಾದ 35 ಹೆಸರುಗಳಲ್ಲಿ ಆರು ಮಹಿಳೆಯರು, ಮೂವರು ಆಫ್ರಿಕನ್-ಅಮೆರಿಕನ್ನರು, ಒಬ್ಬ ಏಷ್ಯನ್-ಅಮೆರಿಕನ್. ಸ್ಯಾಲಿ ರೈಡ್, ಬ್ಲೂಫರ್ಡ್, ಜುಡಿತ್ ರೆಸ್ನಿಕ್, ರೊನಾಲ್ಡ್ ಮೆಕ್‌ನೇರ್ ಇದೇ ತಂಡದವರು. ಕೊನೆಯ ಇಬ್ಬರು 1986ರಲ್ಲಿ, ಇನ್ಸಾಟ್-1ಬಿ ಹೊತ್ತೊಯ್ದಿದ್ದ ಅದೇ ಚಾಲೆಂಜರ್‌ನಲ್ಲಿ ಪ್ರಾಣಬಿಟ್ಟರು. ನಟಿಯೊಬ್ಬರೇ ಇವರನ್ನೆಲ್ಲ ಕರೆತಂದರು ಎನ್ನುವುದು ಅಭಿಮಾನಿಗಳ ಉತ್ಸಾಹ. ಬ್ಲೂಫರ್ಡ್ ವಾಯುಪಡೆಯ ಪೈಲಟ್, ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದವರು. ಅವರಿಗೆ ಟಿವಿ ನಟಿಯ ಶಿಫಾರಸು ಬೇಕಿರಲಿಲ್ಲ. ಆದರೆ ನಾಸಾ ನಮ್ಮಂಥವರನ್ನೂ ಕರೆಯುತ್ತಿದೆ ಎಂದು ಜನ ನಂಬುವ ಹಾಗೆ ಹೇಳಲು ಒಂದು ಪರಿಚಿತ ಮುಖ ಬೇಕಿತ್ತು. 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆ ಮೇ ಜೆಮಿಸನ್ ತಮ್ಮ ಪಾಳಿಯನ್ನು ‘ಮಾರ್ಗ ತೆರೆದಿದೆ’ ಎಂಬ ಉಹುರಾಳ ಮಾತಿನಿಂದಲೇ ಆರಂಭಿಸುತ್ತಿದ್ದರು.

ಸಿನಿಮಾಗಳ ಕಥೆ ಏರಿಳಿತದ್ದು. 1974ರ ‘ಟ್ರಕ್ ಟರ್ನರ್’ನಲ್ಲಿ ಬಾಯಿಬಡುಕಿ ವೇಶ್ಯಾಗೃಹದ ಒಡತಿಯಾಗಿ ಅವರು ಉಹುರಾಳನ್ನು ಪೂರ್ತಿ ಮರೆಸುತ್ತಾರೆ, ಇಷ್ಟು ಕಾವಿದ್ದ ನಟಿಯನ್ನು ಹಾಲಿವುಡ್ ಮತ್ತೆಮತ್ತೆ ಒಂದೇ ಕುರ್ಚಿಗೆ ಕಳಿಸಿತಲ್ಲ ಎಂದು ಸಿಟ್ಟೂ ಬರುತ್ತದೆ. 1979ರಿಂದ 1991ರವರೆಗಿನ ಆರು ಸ್ಟಾರ್ ಟ್ರೆಕ್ ಚಿತ್ರಗಳಲ್ಲಿ ಮೂರನೆಯದರ ಒಂದು ದೃಶ್ಯ ಖುಷಿ ಕೊಡುತ್ತದೆ: ದೊಡ್ಡಸ್ತಿಕೆಯ ತರುಣ ಅಧಿಕಾರಿಯನ್ನು ಉಹುರಾ ಪಿಸ್ತೂಲು ತೋರಿಸಿ ಕಪಾಟಿನೊಳಗೆ ಕೂಡಿಹಾಕುತ್ತಾಳೆ. ಆರನೆಯದರಲ್ಲಿ ಅನರ್ಥ. ಅನ್ಯಗ್ರಹದ ಕ್ಲಿಂಗಾನರ ಜೊತೆ ಮಾತಾಡಲು ಮುಖ್ಯ ಸಂಪರ್ಕಾಧಿಕಾರಿ ಹಳೆ ನಿಘಂಟುಗಳನ್ನು ತಿರುವಿ ತಡವರಿಸುತ್ತಾಳೆ, ಪ್ರೇಕ್ಷಕರು ನಗಬೇಕು. ಮೂರು ದಶಕ ಇದೇ ಕೆಲಸ ಮಾಡಿದವಳಿಗೆ ಆ ಭಾಷೆ ಬಾರದೇ ಎಂದು ನಿಕೋಲ್ಸ್ ಆಕ್ಷೇಪಿಸಿದ್ದರು. ನಿರ್ದೇಶಕರಿಗೆ ನಗು ಬೇಕಿತ್ತು.

ನಮ್ಮ ಸಿನಿಮಾಗಳಲ್ಲೇನು ಬೇರೆ? 2002ರ ‘ಹಾಲಿವುಡ್’ ಎಂಬ ಕನ್ನಡ ಚಿತ್ರದಲ್ಲಿ ಉಪೇಂದ್ರ ರೋಬಾಟ್ ಆಗಿ ಮೆರೆದರು, ನಾಯಕಿಯ ಪಾಲಿಗೆ ಬಂದದ್ದು ಪ್ರೀತಿಸಿಕೊಳ್ಳುವ ಕೆಲಸ.

ನಿಕೋಲ್ಸ್ 2015ರಲ್ಲಿ ಲಘು ಪಾರ್ಶ್ವವಾಯುವಿಗೆ ತುತ್ತಾದರು, ಆಮೇಲೆ ಮರೆವಿನ ಕಾಯಿಲೆ ಬಂತು. 2022ರ ಜುಲೈ 30ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಎರಡೂವರೆ ತಿಂಗಳ ಹಿಂದೆ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಎಂಬ ಹೊಸ ಸರಣಿಯ ಎರಡನೇ ಕಂತು ಪ್ರಸಾರವಾಗಿತ್ತು. ಅದರಲ್ಲಿ ತರುಣಿ ಉಹುರಾ ಆಗಿ ಸೀಲಿಯಾ ರೋಸ್ ಗುಡಿಂಗ್ ನಟಿಸಿದ್ದಾರೆ. ಹತ್ತಾರು ಭಾಷೆ ಬಲ್ಲ ಈ ಉಹುರಾ, ಗ್ರಹಕ್ಕೆ ಅಪ್ಪಳಿಸಲಿರುವ ಧೂಮಕೇತುವಿನೊಳಗೆ ಸಿಕ್ಕಿಬಿದ್ದಾಗ, ಅಲ್ಲಿನ ಯಂತ್ರ ಸಂಗೀತದಲ್ಲಿ ಮಾತಾಡುತ್ತದೆಂದು ಊಹಿಸಿ ಒಂದು ರಾಗ ಗುನುಗುತ್ತಾಳೆ. ಅದು ಓಗೊಡುತ್ತದೆ. 1967ರಲ್ಲಿ ಹಾಡಿದ್ದಕ್ಕೆ ಯಂತ್ರ ಆಕೆಯ ತಲೆಯನ್ನು ಅಳಿಸಿಹಾಕಿತ್ತು. ಇಲ್ಲಿ ಹಾಡು, ಭಾಷೆ, ಸಂಪರ್ಕ ಮೂರೂ ಒಂದೇ ಕೆಲಸವಾಗಿ, ಇಡೀ ಕಂತು ಅದರ ಮೇಲೆ ನಿಂತಿದೆ. ಗುಡಿಂಗ್ ಚೆನ್ನಾಗಿ ಮಾಡಿದ್ದಾರೆ. ಎಲಿಂಗ್ಟನ್ ವಾದ್ಯವೃಂದದಿಂದ ಬಂದ ಗಾಯಕಿ ಆ ಕುರ್ಚಿಯಲ್ಲೇ ಕೂತಿದ್ದಾಗ, 79 ಕಂತು ಬರೆದವರಲ್ಲಿ ಒಬ್ಬರಿಗೂ ಇದು ತೋಚಿರಲಿಲ್ಲ.