ದೇಹಭಾರವೂ ಮನೋಭಾರವೂ: ‘ಹಂಗರ್’ ಎಂಬ ಆತ್ಮಕಥನದ ವಿಮರ್ಶೆ

ಅಮೆರಿಕದ ಲೇಖಕಿ ರಾಕ್ಸೇನ್ ಗೇ ಅವರು 2017ರಲ್ಲಿ ಪ್ರಕಟಿಸಿದ ‘ಹಂಗರ್’ ಎಂಬ ಇಂಗ್ಲಿಷ್ ಗ್ರಂಥವು ಅವರ ಸ್ವಂತ ದೇಹದ ಚರಿತ್ರೆ. ಹನ್ನೆರಡನೆಯ ವಯಸ್ಸಿನಲ್ಲಿ ಬಲಾತ್ಕಾರಕ್ಕೆ ಗುರಿಯಾದ ಬಾಲಕಿಯು, ಪುರುಷರ ದೃಷ್ಟಿಯಿಂದ ಪಾರಾಗಲೆಂದು ಉಂಡುಂಡು ಶರೀರವನ್ನೇ ಕೋಟೆಯಾಗಿ ಕಟ್ಟಿಕೊಂಡಳು. ಮುಂದೆ ತೂಕವು 577 ಪೌಂಡುಗಳವರೆಗೆ ಏರಿತು, ಕೋಟೆಯೇ ಸೆರೆಯಾಯಿತು.

ಸ್ಥೂಲಕಾಯರನ್ನು ಲೋಕವು ಹಳಿಯುವುದು ಒಂದು. ಆ ಹಳಿವನ್ನು ನಿಜವೆಂದು ನಂಬಿ ತಮ್ಮನ್ನು ತಾವೇ ಹಳಿದುಕೊಳ್ಳುವುದು ಇನ್ನೊಂದು. ಈ ಎರಡನೆಯದೇ ಗ್ರಂಥದ ಜೀವಾಳ. ಕುರ್ಚಿಯು ತನ್ನನ್ನು ತಾಳೀತೇ ಎಂಬ ಶಂಕೆಯಂತಹ ಸಣ್ಣ ಸಂಗತಿಗಳಲ್ಲಿ ಪರರ ತಿರಸ್ಕಾರವು ಸ್ವಂತ ಧ್ವನಿಯಾಗುವ ಬಗೆಯನ್ನು ಕಾಣುತ್ತೇವೆ. ಹೇಳಿದ್ದನ್ನೇ ಹೇಳುತ್ತಾರೆಂದು ಆಕ್ಷೇಪಿಸಬಹುದು. ಆದರೆ ಲಜ್ಜೆಯು ಒಮ್ಮೆ ಬಂದು ಹೋಗುವ ಭಾವವಲ್ಲ. ಪುನರುಕ್ತಿಯು ಅದರ ಸ್ವಭಾವ. ಆದುದರಿಂದ ಇಲ್ಲಿ ಅದು ಉಚಿತವೇ ಸರಿ.

ನಿಜವಾದ ಕೊರತೆ ಬೇರೆಡೆಯಲ್ಲಿದೆ. 2014ರಲ್ಲಿ ಪಾದದ ಕೀಲು ಮುರಿದು ಆಸ್ಪತ್ರೆಯಲ್ಲಿದ್ದಾಗ, ತಮ್ಮನ್ನು ಪ್ರೀತಿಸುವವರು ಇರುವರೆಂಬುದು ಅವರಿಗೆ ಮನವರಿಕೆಯಾಯಿತು. ಆತ್ಮನಿಂದೆಯು ಸಡಿಲುವ ಈ ಪ್ರಸಂಗವು ಇನ್ನಷ್ಟು ವಿಸ್ತಾರವನ್ನು ಬೇಡುತ್ತಿತ್ತು.

ಇದು ತೂಕವಿಳಿಸಿದ ವಿಜಯಗಾಥೆಯಲ್ಲವೆಂದು ಗ್ರಂಥಕರ್ತ್ರಿಯು ಮೊದಲಲ್ಲಿಯೇ ಹೇಳಿದ್ದಾರೆ. 2018ರಲ್ಲಿ ಅವರು ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡುದರಿಂದ ಆ ಮಾತು ಸುಳ್ಳಾಯಿತೆನ್ನುವುದು ಯುಕ್ತವಲ್ಲ. ತೂಕವನ್ನು ಇಳಿಸಬಯಸುವುದೂ ಆತ್ಮನಿಂದೆಯನ್ನು ತೊರೆಯುವುದೂ ಪರಸ್ಪರ ವಿರುದ್ಧವಲ್ಲ. ಇಂದು ಮನಶ್ಚಿಕಿತ್ಸಕರು ಅಂತರ್ಜಾಲದ ಮೂಲಕವೂ ಎರಡನ್ನೂ ಜೊತೆಯಾಗಿ ಉಪಚರಿಸಲು ಯತ್ನಿಸುತ್ತಿರುವರು. ಒಂದು ಇಳಿದರೆ ಮತ್ತೊಂದು ತಾನಾಗಿಯೇ ಇಳಿಯುವುದೆಂಬ ಭ್ರಮೆಯನ್ನು ಕಳೆಯುವುದರಲ್ಲಿ ಈ ಗ್ರಂಥದ ಬೆಲೆಯಿದೆ.